ಬೀಗರ ಹುಂಜ

ಆ ಐತವಾರ ಗಾದಿಲಿಂಗ ತನ್ನ ತಾಟಿನ ಕೋಳಿ ತುಂಡುಗಳನ್ನು ಅಪ್ಪನ ತಾಟಿಗೆ ಹಾಕಿ, ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ಉಂಡು ಎದ್ದಾಗ ಮನೆಯಲ್ಲಿ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಬಿಸಿಲಿಗೆ ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡಳು ತಾಯಿ ಆದಮ್ಮ. ತಂದೆ ಗಿಡ್ಡಪ್ಪನಿಗೆ ಎರಡು ತುಂಡು ಹೆಚ್ಚಿಗೆ ಸಿಕ್ಕಿದ್ದೇ ಖುಷಿ.

ಮುಂದಿನ ಐತವಾರವೂ ಹಾಗೇ ಆದಾಗ ಗಿಡ್ಡಪ್ಪ ಕೇಳಿದ.

"ಯಾಕಲೇ, ಏನಾಗೇತಿ ನಿನಗ?"

"ಏನೂ ಆಗಿಲ್ಲ. ಇನ್ನ ಮ್ಯಾಲ ನಾ ತಿನ್ನಂಗಿಲ್ಲ. ನೀವೂ ಬಿಡ್ರಿ."

"ಯಾವ ಮಠಕ್ಕ ಹೊಂಟಿಯೋ ಸ್ವಾಮಿ?"

ಅಕ್ಕ ಮೌನೇಶ್ವರಿ ತೊಡೆಯ ಮೇಲಿನ ಕೂಸನ್ನು ಅಲುಗಿಸುತ್ತ ನಕ್ಕಳು. ಹೆರಿಗೆಗೆಂದು ತುರ್ವಿಹಾಳದ ತವರಿಗೆ ಬಂದವಳು ಇನ್ನೂ ಇಲ್ಲೇ ಇದ್ದಳು. ಗಾದಿಲಿಂಗ ನಗಲಿಲ್ಲ. ಹೇಳಬೇಕಾದದ್ದನ್ನು ತಾಟುಗಳ ನಡುವೆಯೇ ಹೇಳಿದ.

ಅವನ ಕೆಲಸವೇ ಕೋಳಿ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಲಾರಿ ಕ್ಲೀನರ್ ಆಗಿ, ಈಗ ಸಿಂಧನೂರಿನ ಶಿವಕಾಂತ ಸಾವ್ಕಾರನ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಬಳಗಾನೂರು ಕಡೆಯ ಶೆಡ್ಡುಗಳಲ್ಲಿ ಕೋಳಿ ತುಂಬಿ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಅಂಗಡಿಗಳಿಗೆ ಇಳಿಸುವುದು. ತುಂಬುವಾಗ ಕಾಲು ಹಿಡಿದು ತಲೆಕೆಳಗೆ ಎತ್ತಿ ಕ್ರೇಟಿಗೆ ತುರುಕಬೇಕು. ಕೂತಲ್ಲೇ ಕೂತು ಮೈ ಬೆಳೆಸಿದ ಆ ಕೋಳಿಗಳಿಗೆ ನೆಟ್ಟಗೆ ನಿಲ್ಲಲೂ ಬರುವುದಿಲ್ಲ. ಕಾಲು ಲಟಕ್ಕೆಂದರೆ ಕೇಳುವವರಿಲ್ಲ. ಎರಡು ವಾರದ ಹಿಂದೆ ಉರಿಬಿಸಿಲಲ್ಲಿ ಮಸ್ಕಿಯ ಈಚೆ ಗಾಡಿಯ ಟೈರು ಒಡೆದು ನಿಂತಿತು. ಬೇರೆ ಟೈರು ಬರುವಷ್ಟರಲ್ಲಿ ಮೇಲಿನ ಕ್ರೇಟುಗಳ ಕೋಳಿಗಳೆಲ್ಲ ಬಾಯಿ ತೆರೆದುಕೊಂಡು ಸತ್ತಿದ್ದವು. ಅಂಗಡಿಯವನು ಸತ್ತವನ್ನೂ ಸುಲಿದು ಹೋಟೆಲ್ಲಿಗೆ ಕಳಿಸಿದ. ಅವುಗಳಲ್ಲೇ ಎರಡನ್ನು ಡ್ರೈವರನ ಪಾಲೆಂದು ಗಾದಿಲಿಂಗನ ಕೈಗೂ ಕೊಟ್ಟ. ಈ ಮನೆಗೆ ವಾರವಾರ ಬಿಟ್ಟಿಯಾಗಿ ಬರುತ್ತಿದ್ದದ್ದು ಆ ಪಾಲೇ.

ಆದಮ್ಮನ ಕೈ ತುತ್ತಿನ ಮೇಲೆ ನಿಂತಿತು. ಮೌನೇಶ್ವರಿ ಬಾಯಲ್ಲಿದ್ದದ್ದನ್ನು ಅಂಗೈಗೆ ತೆಗೆದುಕೊಂಡು ಎಲ್ಲಿ ಹಾಕುವುದೆಂದು ತಿಳಿಯದೆ ಕೂತಳು.

ಗಿಡ್ಡಪ್ಪ ಮಾತ್ರ ಎಲುಬು ಚೀಪುವುದನ್ನು ಬಿಡಲಿಲ್ಲ. "ಇಷ್ಟ ದಿನ ತಿಂದೀವಿ, ಸತ್ತೀವೇನು? ಅಷ್ಟ ಪಾಪ ಅನ್ನಿಸಿದ್ರ ಗಾಡಿ ಬಿಡು. ಹೊತ್ತು ಮಾರಾಕ ನಡೀತೈತಿ, ತಿನ್ನಾಕ ಮಾತ್ರ ಬ್ಯಾಡೇನು?"

ಗಾದಿಲಿಂಗನಿಗೆ ಗಾಡಿ ಬಿಟ್ಟರೆ ಭತ್ತದ ಚೀಲ ಹೊರುವುದೇ ಗತಿ. ಆ ಸಿಟ್ಟನ್ನು ಅವನು ಮನೆಯವರ ತಾಟಿನ ಮೇಲೆ ತೀರಿಸತೊಡಗಿದ.

ಉಣ್ಣಲು ಕೂತಾಗಲೇ ಮೊಬೈಲು ತೆಗೆದು ಶೆಡ್ಡಿನ ವಿಡಿಯೋ ತೋರಿಸುವನು. ಶೆಡ್ಡಿನ ಹೊಲಸು ಕಾಲುವೆಗೆ ಬೀಳುತ್ತದೆ, ಆ ಕಾಲುವೆಯ ನೀರನ್ನೇ ನಾವು ಕುಡಿಯುತ್ತೇವೆ ಎನ್ನುವನು. ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಕೋಳಿಗೆಂದು ಗೋವಿನಜೋಳ ಬಿತ್ತುತ್ತಿದ್ದಾರೆ, ನಾಳೆ ನಮಗೆ ರೊಟ್ಟಿ ಎಲ್ಲಿಂದ ಎಂದು ಕೇಳುವನು. ಮಾತುಗಳೇನೋ ಸುಳ್ಳಾಗಿರಲಿಲ್ಲ. ಆದರೆ ಕೂಲಿ ಮಾಡಿ, ಬೆನ್ನು ನೆಟ್ಟಗಾಗದೆ ಮನೆಗೆ ಬಂದ ಆದಮ್ಮನಿಗೆ ಅವು ಬೈಗುಳದ ಹಾಗೆ ಕೇಳುತ್ತಿದ್ದವು. ಸಿಂಧನೂರಿನಿಂದ ಸೋಯಾದ ಮೀಲ್‌ಮೇಕರ್ ಪಾಕೀಟು ತಂದ. ಇದೂ ಕೋಳಿ ತಿಂದಂತೆಯೇ ಇರುತ್ತದೆ ಎಂದ. ಗಿಡ್ಡಪ್ಪ ಒಂದನ್ನು ಬಾಯಿಗೆ ಹಾಕಿಕೊಂಡು, "ಒದ್ದಿ ಅರಿಬಿ ತಿಂದಂಗ ಐತಿ" ಎಂದು ತಾಟಿನ ಅಂಚಿಗೆ ಉಗಿದ.

ಆದರೂ ಕೋಳಿ ಮನೆಯಿಂದ ಹೋಯಿತು. ಒಬ್ಬ ಮಗ ದಿನಾ ಮುಖ ಗಂಟಿಕ್ಕಿ ಕೂತರೆ ಯಾವ ತಾಯಿ ಒಗ್ಗರಣೆ ಹಾಕಿಯಾಳು? ಐತವಾರ ಬೇಳೆ ಬೆಂದಿತು, ಬದನೆಕಾಯಿ ಬೆಂದಿತು. ಯಾರೂ ಜಗಳ ತೆಗೆಯಲಿಲ್ಲ. ಗಾದಿಲಿಂಗ ತಾನು ಗೆದ್ದೆನೆಂದುಕೊಂಡ.

ಗೆದ್ದದ್ದು ಏನೆಂದು ಅವನಿಗೆ ಗೊತ್ತಿರಲಿಲ್ಲ. ಗಿಡ್ಡಪ್ಪ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ನಾಸೀರನ ಅಂಗಡಿಗೆ ಹೋಗತೊಡಗಿದ. ನಾಸೀರ್ ಕೋಳಿ ಕೊಯ್ದು ಮಾರುವವನು. ಸಂಜೆ ಬಾಣಲೆ ಇಟ್ಟು ಕರಿದೂ ಕೊಡುತ್ತಿದ್ದ. ಗಿಡ್ಡಪ್ಪ ಅಂಗಡಿಯ ಹಿಂದೆ ನಿಂತು ತಿಂದು, ಕಾಲುವೆಯಲ್ಲಿ ಬಾಯಿ ಮುಕ್ಕಳಿಸಿ, ಎಲೆ ಅಡಿಕೆ ಜಗಿಯುತ್ತ ಮನೆಗೆ ಬರುತ್ತಿದ್ದ. ಆದಮ್ಮನಿಗೆ ಇದು ಗೊತ್ತಿತ್ತು. ಗೊತ್ತಿಲ್ಲದವಳಂತೆ ರೊಟ್ಟಿ ಹಾಕುತ್ತಿದ್ದಳು. ಅವಳದೂ ಒಂದು ಕಳ್ಳತನವಿತ್ತು. ಮೌನೇಶ್ವರಿಗೆ ಹಾಲು ಸಾಲುತ್ತಿರಲಿಲ್ಲ, ದಿನಾ ತತ್ತಿ ಕೊಡಿರೆಂದು ಆಶಾ ಕಾರ್ಯಕರ್ತೆ ಹೇಳಿ ಹೋಗಿದ್ದಳು. ಮಗನ ಮುಂದೆ ತತ್ತಿ ಕುದಿಸುವ ಧೈರ್ಯ ಆದಮ್ಮನಿಗೆ ಸಾಲಲಿಲ್ಲ. ಪಕ್ಕದ ಮನೆಯ ಲಾಲ್‌ಬೀಯ ಒಲೆಯಲ್ಲಿ ಕುದಿಸಿ, ಮಗಳನ್ನು ಅಲ್ಲಿಗೇ ಕರೆಯುತ್ತಿದ್ದಳು. ಮೌನೇಶ್ವರಿ ಬಾಗಿಲ ಕಡೆಗೆ ಬೆನ್ನು ಮಾಡಿ ಕೂತು ಗಬಗಬ ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಏಳುವಳು.

"ತವರುಮನ್ಯಾಗ ಕದ್ದು ತಿನ್ನೋ ಬಾಣಂತೀನ ನಾ ಇವತ್ತ ನೋಡಿದ್ದವ್ವಾ," ಎಂದಳು ಲಾಲ್‌ಬೀ.

ಆದಮ್ಮ ತತ್ತಿಯ ಸಿಪ್ಪೆಯನ್ನು ಪುಡಿ ಮಾಡಿ ಲಾಲ್‌ಬೀಯ ತಿಪ್ಪೆಗೆ ಹಾಕಿದಳು.

ಅದೇ ದಿನಗಳಲ್ಲಿ ಶಿವಕಾಂತ ಸಾವ್ಕಾರನಿಗೂ ಸುದ್ದಿ ಮುಟ್ಟಿತು. ಸಾವ್ಕಾರನ ಶೆಡ್ಡುಗಳಲ್ಲಿ ಸಾವಿರಗಟ್ಟಲೆ ಕೋಳಿ; ಅವನ ಮನೆಯ ಹೊಸ್ತಿಲೊಳಗೆ ಮಾತ್ರ ಒಂದು ತತ್ತಿಯೂ ಹೋಗುವಂತಿಲ್ಲ. ಮಾರಿದ ರೊಕ್ಕ ಹೋಗಬಹುದು. ಮಾಲು ಇಳಿಸಿದ ಚೀಟಿ ಕೊಡಲು ಆಫೀಸಿಗೆ ಹೋದ ಗಾದಿಲಿಂಗನನ್ನು ಸಾವ್ಕಾರ ಕುರ್ಚಿಯಲ್ಲಿ ಕೂರಿಸಿದ.

"ತಿನ್ನೋದು ಬಿಟ್ಟಿಯಂತ? ಚಲೋ ಮಾಡಿದಿ ನೋಡು. ನಮ್ಮ ಮನ್ಯಾಗಂತೂ ಅದು ನಡೆಯಂಗಿಲ್ಲ. ಈಗ ನೀನೂ ನಮ್ಮಂಗ ಆದಿ."

ಡ್ರೈವರುಗಳಿಗೆ ಪೇಪರ್ ಕಪ್ಪಿನಲ್ಲಿ ಬರುತ್ತಿದ್ದ ಚಹಾ ಅಂದು ಅವನಿಗೆ ಸ್ಟೀಲ್ ಲೋಟದಲ್ಲಿ ಬಂತು. ಗಾದಿಲಿಂಗನಿಗೆ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಬರಬೇಕೆನಿಸಿತು. ಬರಲಿಲ್ಲ. ಚಹಾ ಕುಡಿದ. ಸುಳ್ಳೇಕೆ, ಒಳಗೊಳಗೆ ಖುಷಿಯೂ ಆಯಿತು. ಈ ಸಂಗತಿಯನ್ನು ಅವನು ಮನೆಯಲ್ಲಿ ಹೇಳಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ದಿನ ಆದಮ್ಮ ಅಟ್ಟದ ಮೇಲಿನ ಡಬ್ಬಿಯಿಂದ ಹುರಳಿ ತೆಗೆದಳು. ಅವಳ ತವರು ಪಾಮನಕಲ್ಲೂರು, ಮಳೆ ನಂಬಿದ ಊರು. ಅಲ್ಲಿ ಹುರಳಿ, ಮಡಿಕೆ ಕಾಳು, ಸಜ್ಜೆಯೇ ಊಟ. ಕಾಲುವೆ ನೀರಿನ ತುರ್ವಿಹಾಳಕ್ಕೆ ಮದುವೆಯಾಗಿ ಬಂದ ಮೇಲೆ ಬರೀ ಅನ್ನವಾಗಿ, ಆಮೇಲೆ ಅನ್ನದ ಜೊತೆಗೆ ಕೋಳಿಯಾಗಿ, ಆ ಅಡಿಗೆ ಅವಳ ಕೈಯಿಂದ ಜಾರಿತ್ತು. ಅಂದು ಹುರಳಿ ಬೇಯಿಸಿ, ಬಳ್ಳೊಳ್ಳಿ, ಹಸಿಮೆಣಸು ಕುಟ್ಟಿ ಹಾಕಿ ಸಾರು ಮಾಡಿದಳು. ಸಜ್ಜೆ ರೊಟ್ಟಿ ಬಡಿದಳು. ಮೇಲೆ ಅಗಸಿ ಹಿಂಡಿ, ಒಳ್ಳೆಣ್ಣೆ.

ಗಿಡ್ಡಪ್ಪ ಎರಡನೇ ರೊಟ್ಟಿ ಕೇಳಿದ, ಮೂರನೆಯದನ್ನೂ ಕೇಳಿದ. ಮೌನೇಶ್ವರಿ ಬಟ್ಟಲು ಬಾಯಿಗಿಟ್ಟು ಸಾರು ಕುಡಿದಳು. ಎಷ್ಟೋ ದಿನಗಳ ಮೇಲೆ ಊಟದ ಹೊತ್ತಿಗೆ ನಗೆ ಕೇಳಿಸಿತು. ಆದಮ್ಮ ಸುಮ್ಮನೆ ಬಡಿಸುತ್ತಿದ್ದಳು. ಗಾದಿಲಿಂಗನೂ ಸುಮ್ಮನಿದ್ದಿದ್ದರೆ ಸಾಕಿತ್ತು.

"ನೋಡಿದ್ರಿಲ್ಲ?" ಎಂದ ಅವನು. "ಕೋಳಿ ಇಲ್ದ ಜೀವ ಹೋತೇನು? ನಾ ಹೇಳಿದ್ದ ಖರೇ ಆತು."

ಗಿಡ್ಡಪ್ಪ ಉಳಿದ ಅರ್ಧ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಎಲ್ಲಿಗೆಂದು ಆದಮ್ಮನಿಗೆ ಗೊತ್ತಿತ್ತು.

ಇಷ್ಟರಲ್ಲಿ ಬೀಗರ ಕಡೆಯಿಂದ ಹೇಳಿಕೆ ಬಂತು: ಗುರುವಾರ ಬಂದು ಸೊಸೆಯನ್ನೂ ಕೂಸನ್ನೂ ಕರೆದುಕೊಂಡು ಹೋಗುತ್ತೇವೆ. ಮೌನೇಶ್ವರಿಯನ್ನು ಕೊಟ್ಟದ್ದು ಆದಮ್ಮನ ತವರೂರಿಗೇ. ಮಾವ ಅಂಬಪ್ಪ ಆದಮ್ಮನಿಗೆ ದೂರದ ಅಣ್ಣನೂ ಹೌದು. ಈ ಮನೆತನಗಳಲ್ಲಿ ಒಂದು ಪದ್ಧತಿಯಿತ್ತು. ಮಗಳಿಗೆ ತವರಿನಲ್ಲಿ ಕೂಸು ಹುಟ್ಟಿದ ದಿನ ಒಂದು ಹುಂಜದ ಮರಿಯನ್ನು ಬೀಗರ ಹೆಸರಿಗೆ ಬಿಡುವುದು, ಅವರು ಕೂಸನ್ನು ಕರೆದೊಯ್ಯಲು ಬಂದಾಗ ಅದನ್ನೇ ಕೊಯ್ದು, ಎರಡೂ ಮನೆಯ ಗಂಡಸರು ಒಂದೇ ಸಾಲಿನಲ್ಲಿ ಕೂತು ಉಣ್ಣುವುದು. ಆದಮ್ಮ ಬಿಟ್ಟಿದ್ದ ಮರಿ ಈಗ ಕೆಂಪು ಜುಟ್ಟಿನ ಹುಂಜವಾಗಿ ಅಂಗಳವನ್ನೇ ಆಳುತ್ತಿತ್ತು. ಕೈಯಲ್ಲಿ ಕಾಳು ಹಿಡಿದರೆ ಬಂದು ತಿನ್ನುವಷ್ಟು ಸಲಿಗೆ ಅದಕ್ಕೆ.

ಬುಧವಾರ ಸಂಜೆ ಆದಮ್ಮ ಮಗನಿಗೆ, ಬೆಳಿಗ್ಗೆ ಹುಂಜವನ್ನು ನಾಸೀರನ ಹತ್ತಿರ ಕೊಯ್ಯಿಸಿಕೊಂಡು ಬಂದುಬಿಡು ಎಂದಳು. ಇದೊಂದು ದಿನ ಏನೂ ಅನ್ನಬೇಡ ಎಂದು ಕೈ ಹಿಡಿದು ಕೇಳಿಕೊಂಡಳು. ಅವನು ಹೂಂ ಎಂದ.

ಗುರುವಾರ ಬೆಳಿಗ್ಗೆ ಹುಂಜವನ್ನು ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದವನು ಬಳಗಾನೂರಿನ ಹಾದಿಯಲ್ಲಿ, ಕಾಲುವೆಯ ಏರಿಯ ಮೇಲೆ, ಜಾಲಿಗಿಡಗಳ ನಡುವೆ ಇಳಿಸಿ ಬಿಟ್ಟ. ಅದು ಹೋಗದೆ ಗಾಡಿಯ ಸುತ್ತಲೇ ತಿರುಗಿತು. ಕಲ್ಲು ಎಸೆದು ಓಡಿಸಿದ. ಒಂದು ಜೀವವನ್ನಾದರೂ ಉಳಿಸಿದೆನೆಂದು ಹಗುರಾಗಿ, ಬರಿಗೈಯಲ್ಲಿ ಮನೆಗೆ ಬಂದ. ಅಷ್ಟರಲ್ಲಿ ಅಂಬಪ್ಪನೂ ಅವನ ಮಗ, ಮೌನೇಶ್ವರಿಯ ಗಂಡ ಯಂಕೋಬನೂ ಬಂದು ಕಟ್ಟೆಯ ಮೇಲೆ ಕೂತಿದ್ದರು. ಬಾಗಿಲ ಹಿಂದೆ ಮೌನೇಶ್ವರಿಯ ಗಂಟುಗಳು ಕಟ್ಟಿಟ್ಟಿದ್ದವು.

"ಹುಂಜ ಎಲ್ಲಿ?" ಆದಮ್ಮ ಅಡಿಗೆಮನೆಯಲ್ಲಿ ಪಿಸುಗುಟ್ಟಿದಳು.

"ಬಿಟ್ಟು ಬಂದೀನಿ. ಬದುಕ್ಲಿ ಬಿಡವ್ವಾ ಅದು."

ಆದಮ್ಮ ಒಲೆಯ ಕಡೆ ತಿರುಗಿದಳು. ಬೀಗರನ್ನು ಅಂಗಳದಲ್ಲಿ ಕೂರಿಸಿ ಬೇರೆ ಹುಂಜ ಹುಡುಕುವುದು ಯಾವ ಮುಖದಿಂದ? ಬೇಳೆ ಇತ್ತು, ಅನ್ನವಿತ್ತು. ಅವಸರದಲ್ಲಿ ರವೆ ಬೆಲ್ಲದ ಸಜ್ಜಕ ತಿರುವಿದಳು.

ಅಂಬಪ್ಪ ತಾಟು ನೋಡಿದ. ಸಜ್ಜಕ ಬಾಯಿಗಿಟ್ಟ. ಬೇಳೆ ಬಿದ್ದಾಗ ತಲೆ ಎತ್ತಿದ.

"ಆದಮ್ಮ, ಮನ್ಯಾಗ ಏನರ ಸೂತಕ ಐತೇನವ್ವಾ?"

"ಇಲ್ಲಣ್ಣ," ಎಂದಳು ಆದಮ್ಮ.

ಗಾದಿಲಿಂಗ ನಡುವೆ ಬಂದ. "ನಮ್ಮ ಮನ್ಯಾಗ ಈಗ ಅದು ನಡೆಯಂಗಿಲ್ಲ ಮಾವ."

ಅಂಬಪ್ಪ ದನಿ ಏರಿಸಲಿಲ್ಲ.

"ಗೌಡರ ಮನ್ಯಾಗ ಚಾಕರಿ ಮಾಡಿದಷ್ಟ ದಿನ ಬ್ಯಾಳಿನ ಉಂಡೀನಿ ತಮ್ಮಾ. ದನದ ಕೊಟ್ಟಿಗ್ಯಾಗ ಕುಂದ್ರಿಸಿ ಮ್ಯಾಲಿಂದ ಹಾಕ್ತಿದ್ರು. ನಮ್ಮ ಮನ್ಯಾಗ ಅದು ನಡೆಯಂಗಿಲ್ಲ ಅಂತಿದ್ರು ಅವರೂ. ಇವತ್ತ ಬೀಗರ ಮನ್ಯಾಗ ಅದ ಮಾತು ಕೇಳ್ದೆ."

ತಾಟಿನಲ್ಲಿದ್ದಷ್ಟನ್ನು ಉಂಡ. ಅನ್ನಕ್ಕೆ ಅವಮಾನ ಮಾಡುವವನಲ್ಲ ಅವನು. ಕೈ ತೊಳೆದು, ಅಮಾವಾಸ್ಯೆ ಹತ್ತಿರ ಬಂತು, ಆಮೇಲೆ ನೋಡೋಣ ಎಂದು ಹೆಗಲಿಗೆ ವಲ್ಲಿ ಹಾಕಿಕೊಂಡ. ಯಂಕೋಬ ತಂದೆಯ ಮಾತು ಮೀರಿದವನಲ್ಲ. ಕೂಸಿನ ತಲೆ ಮುಟ್ಟಿ ಅವನೂ ಹಿಂದೆ ನಡೆದ. ಮೌನೇಶ್ವರಿ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಯಾರೂ ಕರೆಯಲಿಲ್ಲ.

ಬೀಗರು ಓಣಿ ದಾಟಿದರು. ಆಮೇಲೆ ಗಿಡ್ಡಪ್ಪ ಮಗನ ಎದೆಯಂಗಿ ಹಿಡಿದ. ಅತ್ತೆಮನೆಯವರು ಬಿಟ್ಟುಹೋದ ಮಗಳನ್ನು ಊರು ಏನೆನ್ನುತ್ತದೆ, ಅಂಬಪ್ಪ ಮತ್ತೆ ಬಾರದಿದ್ದರೆ ಆ ಕೂಸಿನ ಗತಿಯೇನು ಎಂದು ಕೇಳಿದ. ಗಾದಿಲಿಂಗ, ಒಂದು ಕೋಳಿಗಾಗಿ ಸೊಸೆಯನ್ನು ಬಿಟ್ಟುಹೋಗುವವರು ಎಂಥ ಜನ ಎಂದು ತಿರುಗಿಬಿದ್ದ. ಈ ಮನೆಯಲ್ಲಿ ಎಲ್ಲರೂ ಬಿಟ್ಟಿಲ್ಲವೇ ಎಂದ.

"ಯಾರ ಬಿಟ್ಟಾರಲೇ?" ಗಿಡ್ಡಪ್ಪ ಕೈ ಸಡಿಲಿಸಿದ. "ನಾ ನಾಸೀರನ ಅಂಗಡಿ ಹಿಂದ ನಿಂತು ತಿಂತೀನಿ. ಕಾಲುವ್ಯಾಗ ಬಾಯಿ ತೊಳ್ಕೊಂಡು ಬರ್ತೀನಿ. ನಮ್ಮಪ್ಪಗ ಅಂಜಿದಾವಲ್ಲ ನಾ, ನಿನಗ ಅಂಜಾಕತ್ತೀನಿ."

ಗಾದಿಲಿಂಗ ತಾಯಿಯ ಕಡೆ ನೋಡಿದ. ಆದಮ್ಮ ಮುಖ ತಿರುಗಿಸಿದಳು. ಮೌನೇಶ್ವರಿಯೇ ಹೇಳಿದಳು, ಕಟ್ಟಿದ ಗಂಟನ್ನು ಬಿಚ್ಚುತ್ತ, ಅವನ ಕಡೆ ನೋಡದೆ.

"ನಾ ಲಾಲ್‌ಬೀ ಮನ್ಯಾಗ ತತ್ತಿ ತಿಂತೀನಲೇ ಗಾದಿ. ಯವ್ವ ಕುದಿಸಿ ಕೊಡ್ತಾಳ. ನೀ ಬರೋ ಸಪ್ಪಳ ಕೇಳಿದ್ರ ಬಾಯಾಗಿಂದು ಹಂಗ ನುಂಗ್ತೀನಿ. ನಿನಗ ಕ್ರೇಟಿನ್ಯಾಗಿನ ಕೋಳಿ ಕಾಣಸ್ತಾವು. ನಾ ಕಾಣಸಲಿಲ್ಲ."

ಮರುದಿನ ಕೆಲಸಕ್ಕೆ ಹೋಗುವಾಗ ಗಾದಿಲಿಂಗ ಏರಿಯ ಮೇಲೆ ಗಾಡಿ ನಿಲ್ಲಿಸಿ ಇಳಿದ. ಹುಂಜ ಸಿಕ್ಕರೆ ಮನೆಗೆ ಒಯ್ಯೋಣವೆಂದುಕೊಂಡಿದ್ದ. ಜಾಲಿಯ ಬುಡದಲ್ಲಿ ಕೆಂಪು ರೆಕ್ಕೆಪುಚ್ಚಗಳು ಹರಡಿದ್ದವು. ನಾಯಿಯ ಹೆಜ್ಜೆಗಳು ಹಸಿ ಮಣ್ಣಿನಲ್ಲಿ ಸ್ಪಷ್ಟವಾಗಿದ್ದವು. ಅಂಗಳದಲ್ಲಿ ಮನುಷ್ಯರ ಕೈಯಿಂದ ಕಾಳು ತಿಂದು ಬೆಳೆದ ಹುಂಜಕ್ಕೆ ನಾಯಿ ಕಂಡರೆ ಓಡಬೇಕೆಂದು ಯಾರು ಕಲಿಸಿದ್ದರು? ಕಲ್ಲು ಎಸೆದು ಓಡಿಸಿದವನು ತಾನೇ.

ಒಂದು ಪುಚ್ಚವನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಸಿಂಧನೂರಿನಲ್ಲಿ ಚೀಟಿ ಕೊಡುವಾಗ ಸ್ಟೀಲ್ ಲೋಟದಲ್ಲಿ ಚಹಾ ಬಂತು. ಬೇಡವೆಂದ. ಸಾವ್ಕಾರ ಯಾಕೆಂದು ಕೇಳಿದ್ದಕ್ಕೆ, ಎಲ್ಲ ಡ್ರೈವರುಗಳಿಗೂ ಅದರಲ್ಲೇ ಕೊಡ್ರಿ, ಆಗ ಕುಡೀತೀನಿ ಎಂದ. ಸಾವ್ಕಾರನ ಮುಖ ಸಣ್ಣದಾಯಿತು. ನಾಳೆಯಿಂದ ಗಾಡಿ ಕೊಡುತ್ತಾನೋ ಇಲ್ಲವೋ, ಅದನ್ನು ಯೋಚಿಸುವ ಸ್ಥಿತಿಯಲ್ಲಿ ಗಾದಿಲಿಂಗನಿರಲಿಲ್ಲ.

ಗಾಡಿಯನ್ನು ಅಲ್ಲೇ ಬಿಟ್ಟು, ಅದೇ ಸಂಜೆ ಮಸ್ಕಿಯಲ್ಲಿ ಬಸ್ಸು ಬದಲಿಸಿ ಪಾಮನಕಲ್ಲೂರಿಗೆ ಹೋದಾಗ ಅಂಬಪ್ಪ ಹೊಲದಿಂದ ಬಂದು ಉಣ್ಣಲು ಕೂತಿದ್ದ. ಬಾ ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅಂಬಪ್ಪನ ಹೆಂಡತಿ ತಾನೇ ಒಂದು ತಾಟು ತಂದು ಗಾದಿಲಿಂಗನ ಮುಂದೆ ಇಟ್ಟಳು. ಸಜ್ಜೆ ರೊಟ್ಟಿ, ಹುರಳಿ, ಅಗಸಿ ಹಿಂಡಿ.

"ಉಣ್ಣು," ಎಂದ ಅಂಬಪ್ಪ. "ದಿನಾ ಇದನ್ನ ಉಣ್ಣಾವ ನಾ. ಹಬ್ಬಕ್ಕೋ ಬೀಗರು ಬಂದ್ರೋ ಒಂದು ಕೋಳಿ. ನನಗ ಬ್ಯಾಳಿ ಉಣ್ಣೋದು ಕಲಸಾಕ ಬಂದಿದ್ದೇನು ನೀ?"

ಗಾದಿಲಿಂಗ ರೊಟ್ಟಿ ಮುರಿಯದೆ ಕೂತ.

"ನಮ್ಮ ಹುಂಜ ಎಲ್ಲೈತಿ?"

ಜೇಬಿನಿಂದ ಪುಚ್ಚ ತೆಗೆದು ನೆಲದ ಮೇಲೆ ಇಟ್ಟ. "ಏರಿ ಮ್ಯಾಲ ಬಿಟ್ಟಿದ್ದೆ ಮಾವ. ನಾಯಿ ತಿಂದುವು."

ಅಂಬಪ್ಪ ಆ ಪುಚ್ಚವನ್ನು ಎತ್ತಿ ನೋಡಿದ.

"ನಾಯಿಗಿ ಹಾಕ್ದಿ," ಎಂದ. "ನನಗ ಹಾಕಲಿಲ್ಲ."

ಗಾದಿಲಿಂಗ ತಪ್ಪಾಯಿತು ಎಂದ. ಇನ್ನೊಮ್ಮೆಯೂ ಎಂದ.

"ನೀ ತಿನ್ನಬ್ಯಾಡ, ಯಾರ ಹೊಡೀತಾರ? ಅದು ನಿನ್ನ ಮರ್ಜಿ. ಮನಸಿಗಿ ಬಂದ್ರ ನಾಳಿ ನಾನೂ ಬಿಟ್ಟೇನು. ಆದ್ರ ನನಗ ಯಾಕ ಗೌಡ ಆದಿ ನೀ?" ಅಂಬಪ್ಪ ನೀರು ಕುಡಿದು ತಂಬಿಗೆ ಇಟ್ಟ. "ಅಮಾಸಿ ಕಳದ ಮ್ಯಾಲ ಬರ್ತೀವಿ. ನೀ ಬಡಸಬೇಕು. ನಿನ್ನ ಕೈಲೇ."

ಅಮಾವಾಸ್ಯೆ ಕಳೆದ ಮೇಲೆ ಬೇರೆ ಹುಂಜ ಸಿಕ್ಕದ್ದು ಹಿಂದಿನ ಓಣಿಯ ಇಮಾಮ್‌ಬೀಯ ಹತ್ತಿರ. ಗಾದಿಲಿಂಗನೇ ಹೋಗಿ ತಂದ, ಗಾದಿಲಿಂಗನೇ ನಾಸೀರನ ಅಂಗಡಿಗೆ ಒಯ್ದ. ಹೊರಗೆ ನಿಲ್ಲಬಹುದಿತ್ತು. ನಿಲ್ಲಲಿಲ್ಲ.

"ಡ್ರೈವರ್ ಸಾಬ್, ಕಣ್ಣ ಮುಚ್ಚಬ್ಯಾಡ್ರಿ, ಕಾಲು ಬಿಗೀ ಹಿಡೀರಿ," ಎಂದ ನಾಸೀರ್. ಕ್ರೇಟಿನ ಕೋಳಿಗಳಂತೆ ಸುಮ್ಮನೆ ಜೋಲುವ ಜಾತಿಯಲ್ಲ ಇದು. ಅವನ ಮುಷ್ಟಿಯೊಳಗೆ ಒದ್ದಾಡಿ, ಒದ್ದಾಡಿ, ಆಮೇಲೆ ನಿಂತಿತು.

ಪಡಸಾಲೆಯಲ್ಲಿ ಒಂದೇ ಸಾಲಿಗೆ ತಾಟು ಬಿದ್ದವು: ಅಂಬಪ್ಪ, ಯಂಕೋಬ, ಗಿಡ್ಡಪ್ಪ. ಆದಮ್ಮ ಮಗಳನ್ನೂ ಅಡಿಗೆಮನೆಯ ಬಾಗಿಲಲ್ಲೇ ಉಣ್ಣಲು ಕೂರಿಸಿದಳು, ಎಲ್ಲರಿಗೂ ಕಾಣುವಂತೆ. ಗಾದಿಲಿಂಗ ಸೌಟು ಹಿಡಿದು ಮೊದಲು ಅಂಬಪ್ಪನಿಗೆ ಹಾಕಿದ, ಒಳ್ಳೆಯ ತುಂಡು ಆರಿಸಿ. ಆಮೇಲೆ ಭಾವನಿಗೆ, ಅಪ್ಪನಿಗೆ. ಕೊನೆಗೆ ಅಕ್ಕನ ಮುಂದೆ ಬಾಗಿದ. ಅವಳು ತಾಟನ್ನು ಸ್ವಲ್ಪ ಮುಂದೆ ಸರಿಸಿದಳು, ಅಷ್ಟೇ. ಹಾಕಿದ.

ಅಂಬಪ್ಪ ಮೊದಲ ತುತ್ತು ನುಂಗಿ, ಮಗನ ಕಡೆ ತಿರುಗದೆಯೇ ಹೇಳಿದ.

"ಯಂಕೋಬ, ಉಂಡ ಕೂಡ್ಲೇ ಗಂಟು ಟಂಟಂ ಗಾಡ್ಯಾಗ ಇಡು. ಮಳಿ ಬರಂಗೈತಿ."

ಬಾಗಿಲಲ್ಲಿ ಆದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗನಿಗೂ ಒಂದು ತಾಟು ಹಾಕಿ, ಅವನಿಗೆಂದೇ ಮಾಡಿದ್ದ ಹುರಳಿಯನ್ನು ಬಡಿಸಿದಳು. ಗಾದಿಲಿಂಗ ಸಾಲಿನ ತುದಿಗೆ, ಅಂಬಪ್ಪನ ಪಕ್ಕಕ್ಕೆ ಕೂತ.

ಅಂಬಪ್ಪ ಅವನ ತಾಟು ಇಣುಕಿದ. "ಆದಮ್ಮನ ಕೈದೇನದು?"

"ಹೂಂ ಮಾವ."

"ಇತ್ತ ಹಾಕು ಒಂದೀಟು."

ಹಾಕಿದ. ಅಂಬಪ್ಪ ರೊಟ್ಟಿಯ ತುಂಡಿನಲ್ಲಿ ಅದ್ದಿ ತಿಂದ. ಸಾಲಿನ ಆ ಕಡೆಯಿಂದ ಗಿಡ್ಡಪ್ಪನ ತಾಟೂ ಮುಂದಕ್ಕೆ ಬಂತು. ಅವನು ಮಗನ ಮುಖ ನೋಡಲಿಲ್ಲ. ತಾಟಿನಲ್ಲಿ ಕೋಳಿ ಇನ್ನೂ ಉಳಿದಿತ್ತು.

ಗಾದಿಲಿಂಗನ ನಾಲಿಗೆಯ ತುದಿಗೆ ಒಂದು ಮಾತು ಬಂತು. ಬಂದಲ್ಲೇ ನುಂಗಿದ. ಎದ್ದು ಹೋಗಿ ಗಡಿಗೆಯನ್ನೇ ತಂದು ಅಪ್ಪನ ತಾಟಿಗೆ ಹುರಳಿ ಹಾಕಿ, ತನ್ನ ಜಾಗಕ್ಕೆ ಮರಳಿದ.

ಬೆಳಿಗ್ಗೆಯಿಂದ ಎಷ್ಟು ಸಲ ಸಬಕಾರ ಹಚ್ಚಿ ತೊಳೆದಿದ್ದರೂ ಕೈಯಿಂದ ಹುಂಜದ ವಾಸನೆ ಹೋಗಿರಲಿಲ್ಲ. ಅದೇ ಕೈಯಲ್ಲಿ ರೊಟ್ಟಿ ಮುರಿದು ಉಂಡ.